ಮೂವತ್ತು ಕುಂಡ ಡೇಲಿಯಾ

ಫೋಟೋ ತೋರಿಸಿ "ನಮಗೆ ಹೀಗೇ ತೋಟ ಬೇಕು" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಂದಿರಾನಗರದ ನೂರಡಿ ರಸ್ತೆಯ ಹೋಟೆಲಿನವರು ಬಾಲಿಯ ಫೋಟೋ ತೋರಿಸುತ್ತಾರೆ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನವರು ಜಪಾನಿನ ಫೋಟೋ. ತಮ್ಮ ಜಾಗಕ್ಕೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಬೋರ್‌ವೆಲ್ಲಿನಲ್ಲಿ ನೀರು ಎಷ್ಟಿದೆ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊಣಕಾಲು ಸವೆದಿದೆ, ತಾಳ್ಮೆ ಅದಕ್ಕಿಂತ ಮೊದಲೇ ಸವೆದಿತ್ತು.

ರಿಚರ್ಡ್ಸ್ ಟೌನಿನ ಮನೆಯವರೂ ಫೋಟೋವನ್ನೇ ತೋರಿಸಿದರು. ಆದರೆ ಅದು ಅದೇ ಮನೆಯ ಫೋಟೋ, ಮತ್ತು ಅದರಲ್ಲಿದ್ದ ತೋಟ ಮಾಡಿದವನು ನನ್ನ ಅಪ್ಪ. ಹಾಗಾಗಿ ನಾನು ಬಾಯಿ ಮುಚ್ಚಿಕೊಂಡು ಕೆಲಸ ಒಪ್ಪಿಕೊಂಡೆ.

ಅಪ್ಪನ ಹೆಸರು ಮುನಿಆಂಜನಪ್ಪ. ಎಂಬತ್ತು ವರ್ಷ. ಆ ಮನೆಯಲ್ಲಿ ಹತ್ತೊಂಬತ್ತು ವರ್ಷ ಮಾಲಿಯಾಗಿದ್ದ. ನಾನು ಹುಟ್ಟಿದ್ದು ಆ ಮನೆಯ ಹಿಂದಿನ ಔಟ್‌ಹೌಸಿನಲ್ಲಿ. ನನಗೆ ಒಂಬತ್ತು ವರ್ಷವಾದಾಗ ಕೃಷ್ಣರಾಜಪುರದಲ್ಲಿ ನಮ್ಮ ಪಾಲಿಗೆ ಬಂದ ತುಂಡು ಜಮೀನಿಗೆ ವಾಪಸು ಬಂದು ಅಪ್ಪ ಸಸಿ ಮಾಡಿ ಮಾರತೊಡಗಿದ. ನಾನು ದೊಡ್ಡವಳಾಗಿ ಅದನ್ನು ನೋಡಿಕೊಳ್ಳಲು ಶುರುಮಾಡಿದಾಗ ಮೊದಲು ಮಾಡಿದ ಕೆಲಸವೆಂದರೆ ಬೋರ್ಡು ಬರೆಸಿದ್ದು: "ಬಹುಮಾನಿತ ಮುನಿಆಂಜನಪ್ಪ ನರ್ಸರಿ." ಎಪ್ಪತ್ತೈದನೇ ಇಸವಿಯ ಮನೆತೋಟದ ಸ್ಪರ್ಧೆಯಲ್ಲಿ ಆ ಮನೆಗೆ ಮೊದಲ ಬಹುಮಾನದ ಬೆಳ್ಳಿ ಕಪ್ಪು ಬಂದಿತ್ತು. ಮಾಲಿಗೆ ಒಂದು ಸರ್ಟಿಫಿಕೇಟು. ಅದು ನಮ್ಮ ಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಇದೆ. ನನಗೆ ಗಿರಾಕಿಗಳು ಬಂದಿದ್ದೂ, ಒಂದು ಹೆಂಗಸಿನ ಮಾತನ್ನು ಮೇಸ್ತ್ರಿಗಳು ಕೇಳಿದ್ದೂ ಅಪ್ಪನ ಆ ಹೆಸರಿನಿಂದ.

ಮನೆ ಕಟ್ಟಿದ್ದು ಐವತ್ತೇಳರಲ್ಲಿ. ಎರಡು ಅಂತಸ್ತು. ಮೂಲೆಯಲ್ಲಿ ದುಂಡಗೆ ತಿರುಗಿದ ಬಾಲ್ಕನಿ, ಒಂದೇ ಸಣಕಲು ಕಂಬದ ಮೇಲೆ ನಿಂತ ಪೋರ್ಟಿಕೋ, ಸೂರ್ಯನ ಕಿರಣದ ಹಾಗೆ ಕಂಬಿ ಬಗ್ಗಿಸಿದ ಗೇಟು. ಗೇಟಿನಿಂದ ಒಳಕ್ಕೆ ಒಡಕು ಚಪ್ಪಡಿಗಳನ್ನು ಅಡ್ಡಾದಿಡ್ಡಿ ಜೋಡಿಸಿದ ದಾರಿ, ಪಕ್ಕದಲ್ಲಿ ಗೋಡಂಬಿ ಆಕಾರದ ತಾವರೆ ತೊಟ್ಟಿ, ಕಾಂಪೌಂಡಿನ ಉದ್ದಕ್ಕೆ ಸಿಲ್ವರ್ ಓಕ್ ಮರಗಳು. ಅಂಥ ಮನೆಗಳನ್ನು ಕೊಂಡವರು ಮೊದಲು ಒಡೆಯುವುದೇ ಇವನ್ನೆಲ್ಲ. ಇಲ್ಲಿ ಹಾಗಾಗಲಿಲ್ಲ. ಮನೆಯೊಡತಿ ಜಹನಾರಾ ಅವರ ಮೊಮ್ಮಗಳು ಅಲಿಯಾ ಹಳೆಯ ಕಟ್ಟಡಗಳನ್ನು ಉಳಿಸುವ ಓದು ಓದಿದ ಹುಡುಗಿ. ನನ್ನನ್ನು ಆಂಟಿ ಎಂದು ಕರೆಯುತ್ತಾಳೆ ಎಂಬುದೊಂದು ಬಿಟ್ಟರೆ ಅವಳ ಮೇಲೆ ನನಗೆ ದೂರಿಲ್ಲ.

"ಆಂಟಿ, ಹೊಸದು ಬೇಕು, ಆದ್ರೆ ಹೊಸದು ಅಂತ ಕಾಣಬಾರ್ದು," ಅಂದಿದ್ದಳು ಮೊದಲ ದಿನ.

ಹಾಗೇ ಮಾಡಿದೆವು. ರಬ್ಬರ್ ಪೈಪು ಹೋಗಿ ಹನಿ ನೀರಾವರಿ ಬಂತು. ಛಾವಣಿಯ ಮಳೆನೀರು ಇಂಗಲು ಮೂಲೆಯಲ್ಲಿ ಬಾವಿ ತೋಡಿಸಿದೆವು. ದಾರಿಯ ಚಪ್ಪಡಿಗಳನ್ನು ಎಬ್ಬಿಸಿ, ಬೆನ್ನಿಗೆ ಸುಣ್ಣದಲ್ಲಿ ನಂಬರ್ ಬರೆದು, ಕೆಳಗೆ ಹೊಸ ಜಲ್ಲಿ ಹಾಸಿ, ಅದೇ ಕಲ್ಲನ್ನು ಅದೇ ಜಾಗಕ್ಕೆ ಕೂರಿಸಿದೆವು. ತೊಟ್ಟಿಯ ಬಿರುಕು ಮುಚ್ಚಿ ಮೀನು ಬಿಟ್ಟೆವು. ಆಗಸ್ಟ್ ಮುಗಿಯುವ ಹೊತ್ತಿಗೆ ಎಲ್ಲ ಆಗಿತ್ತು. ಉಳಿದದ್ದು ಪೋರ್ಟಿಕೋದ ಮುಂದಿನ ಒಂದು ಪಾತಿ ಮಾತ್ರ.

ಫೋಟೋ ಇದ್ದದ್ದೇ ಆ ಪಾತಿಯದು. ಎಪ್ಪತ್ತೈದರ ಜನವರಿ, ಕಪ್ಪುಬಿಳುಪು. ಕುರ್ಚಿಯಲ್ಲಿ ಜಹನಾರಾ ಅವರ ಅತ್ತೆ, ಎಲ್ಲರೂ ದೊಡ್ಡ ಬೇಗಂ ಅನ್ನುತ್ತಿದ್ದ ಹೆಂಗಸು. ಪಕ್ಕದಲ್ಲಿ ಕಪ್ಪು ಹಿಡಿದು ನಿಂತ ಇಪ್ಪತ್ತೈದರ ಜಹನಾರಾ. ಅವರ ಮುಂದೆ ಊಟದ ತಟ್ಟೆಯಷ್ಟು ದೊಡ್ಡ ಡೇಲಿಯಾ ಹೂಗಳು, ಸಾಲುಸಾಲಾಗಿ, ನಡುವೆ ಒಂದು ಸೈಕಸ್ ಗಿಡ. ತೆಂಗಿನ ಸಸಿಯ ಹಾಗೆ ಗರಿ ಹರಡಿಕೊಂಡು ವರ್ಷಕ್ಕೆ ಒಂದೆರಡು ಬೆರಳು ಮಾತ್ರ ಬೆಳೆಯುವ ಗಿಡ ಅದು. ಫೋಟೋದಲ್ಲಿ ಮೊಣಕಾಲೆತ್ತರ ಇತ್ತು, ಈಗ ನನ್ನ ತಲೆಗಿಂತ ಮೇಲಿದೆ.

ಬರುವ ಜನವರಿಗೆ ಐವತ್ತು ವರ್ಷ. ನೆಂಟರೆಲ್ಲ ಬರುತ್ತಾರೆ, ಅದೇ ಜಾಗದಲ್ಲಿ ನಿಂತು ಮತ್ತೆ ಫೋಟೋ ತೆಗೆಸಿಕೊಳ್ಳಬೇಕು. ಅಷ್ಟರೊಳಗೆ ಪಾತಿ ಹೂ ಬಿಡಬೇಕು. ಜಹನಾರಾ ಅವರು ಕೇಳಿದ್ದು ಇದೊಂದೇ.

ಆ ಮನೆಯ ಮುಖ ಉತ್ತರಕ್ಕೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಸೂರ್ಯ ದಕ್ಷಿಣಕ್ಕೆ ಓಡಾಡುತ್ತಾನೆ, ಎರಡು ಅಂತಸ್ತಿನ ನೆರಳು ಇಡೀ ದಿನ ಆ ಪಾತಿಯ ಮೇಲೆ ಬಿದ್ದುಕೊಂಡಿರುತ್ತದೆ. ಡೇಲಿಯಾಕ್ಕೆ ಬಿಸಿಲು ಬೇಕು. ಇದು ಮೊದಲ ದಿನವೇ ನನ್ನ ಕಣ್ಣಿಗೆ ಬಿತ್ತು. ಸಂಜೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ನರ್ಸರಿಯ ಕಲ್ಲುಬೆಂಚಿನ ಪಕ್ಕದಲ್ಲಿ ಗೊಬ್ಬರದ ಮಣ್ಣು ಜರಡಿ ಹಿಡಿಯುತ್ತಿದ್ದ.

"ಬರುತ್ತೆ ಬಿಡು," ಅಂದ, ತಲೆ ಎತ್ತದೆ.

ಬಹುಮಾನ ತಂದವನು ಹೇಳಿದ ಮೇಲೆ ನನ್ನ ಕಣ್ಣಿನದೇನು ಮಾತು? ಬೇರೆ ಯಾರು ಹೇಳಿದ್ದರೂ ಜಗಳವಾಡುತ್ತಿದ್ದೆ. ಅಪ್ಪ ಹೇಳಿದ್ದಕ್ಕೆ ನೆಟ್ಟೆ. ಇಷ್ಟು ವರ್ಷದಲ್ಲಿ ಕಲಿತದ್ದನ್ನೆಲ್ಲ ಪಕ್ಕಕ್ಕಿಟ್ಟು ನೆಟ್ಟೆ.

ಸೆಪ್ಟೆಂಬರಿನಲ್ಲಿ ಹಾಕಿದ ಸಸಿಗಳು ಬಳುಕಿ ಉದ್ದವಾಗಿ ಗೇಟಿನ ಕಡೆ ಕತ್ತು ಚಾಚಿದವು. ಕಿತ್ತುಹಾಕಿದೆ. ಅಕ್ಟೋಬರಿನಲ್ಲಿ ಮಣ್ಣು ಬದಲಾಯಿಸಿ, ಬೇವಿನ ಹಿಂಡಿ ಸೇರಿಸಿ ಮತ್ತೆ ಹಾಕಿದೆ. ಎಲೆಗೆ ಬೂದಿ ರೋಗ ಬಂತು. ನವೆಂಬರಿನಲ್ಲಿ ಮೊಗ್ಗು ಕಟ್ಟಿದ ಗಿಡಗಳನ್ನೇ ತಂದು ನೆಟ್ಟೆ. ಎಂಟೇ ದಿನಕ್ಕೆ ಮೊಗ್ಗು ಕಪ್ಪಗಾಗಿ ಉದುರಿದವು. ನಮ್ಮ ನರ್ಸರಿಯಲ್ಲಿ ಅದೇ ತಳಿಯ ಮುನ್ನೂರು ಗಿಡ ಬಿಸಿಲಲ್ಲಿ ಸೊಕ್ಕಿ ನಿಂತಿದ್ದವು.

ಜಹನಾರಾ ಅವರು ದಿನವೂ ಪೋರ್ಟಿಕೋದಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು. ಮೂರನೇ ಸಲ ನಾನು ಗಿಡ ಕೀಳುತ್ತಿದ್ದಾಗ ನಿಟ್ಟುಸಿರು ಬಿಟ್ಟು, "ನಿಮ್ಮಪ್ಪನ ಕೈಗುಣ ನಿನಗೆ ಬರ್ಲಿಲ್ಲ, ಬಿಡು ಬೇಟಿ," ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಡಿಸೆಂಬರಿನ ಮೊದಲ ವಾರ ಅಲಿಯಾ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ಯಾವ ತಳಿಯ ಡೇಲಿಯಾ ಎಂದು ಗೊತ್ತಾಗಬಹುದೇನೋ ನೋಡಿ ಎಂದು ದೊಡ್ಡದು ಮಾಡಿ ತೋರಿಸಿದಳು. ಹೂ ನೋಡಿದೆ, ಎಲೆ ನೋಡಿದೆ, ಕಾಂಡದ ಗುಂಟ ಕೆಳಗೆ ಬಂದೆ. ಬುಡದಲ್ಲಿ ಪಾಚಿ ಮತ್ತು ಹುಲ್ಲಿನ ಹೆಂಟೆ ಮುಚ್ಚಿದ್ದರು. ಒಂದು ಕಡೆ ಹೆಂಟೆ ಸ್ವಲ್ಪ ಜಾರಿತ್ತು. ಅಲ್ಲಿ ಬಳೆಯ ಹಾಗೆ ಒಂದು ದುಂಡು ಅಂಚು. ಪಕ್ಕದಲ್ಲಿ ಇನ್ನೊಂದು.

ಕುಂಡದ ಬಾಯಿ. ಮದುವೆ ಛತ್ರಗಳಲ್ಲಿ ನಾನೂ ಇದೇ ಕೆಲಸ ಮಾಡಿದ್ದೇನೆ. ಗುಣಿ ತೋಡಿ, ಕುಂಡ ಇಳಿಸಿ, ಅಂಚು ಮುಚ್ಚಿದರೆ ಅಲ್ಲೇ ಹುಟ್ಟಿದ ಗಿಡದ ಹಾಗೆ ಕಾಣುತ್ತದೆ. ಮಾರನೇ ದಿನ ಎತ್ತಿಕೊಂಡು ಹೋಗಬಹುದು.

"ಏನಾದ್ರೂ ಗೊತ್ತಾಯ್ತಾ ಆಂಟಿ?" ಅಂದಳು ಅಲಿಯಾ.

"ನಾಳೆ ಹೇಳ್ತೀನಮ್ಮ," ಅಂದು ಎದ್ದುಬಂದೆ.

ಹಳೇ ಮದ್ರಾಸು ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು ನರ್ಸರಿ ತಲುಪುವಷ್ಟರಲ್ಲಿ ಸಿಟ್ಟು ತಲೆಗೇರಿತ್ತು. ಅಪ್ಪ ಅದೇ ಬೆಂಚಿನ ಹತ್ತಿರ ಕೂತಿದ್ದ.

"ಅಪ್ಪ, ಆ ಡೇಲಿಯಾ ನೆಲದಲ್ಲಿ ಬೆಳೆದಿದ್ದಲ್ಲ. ಕುಂಡ ಹೂತಿದ್ದೆ ನೀನು."

ಅಪ್ಪ ಜರಡಿಯನ್ನು ಕೆಳಗಿಟ್ಟ. "ಮೂವತ್ತು," ಅಂದ.

"ಎಲ್ಲಿ ಬೆಳೆಸಿದ್ದೆ? ಹಿತ್ತಲಲ್ಲಾ?"

"ನಾನೆಲ್ಲಿ ಬೆಳೆಸ್ದೆ? ಅಸ್ಗರಂದು ಅವು. ಮಧ್ಯದ ಸೈಕಸ್ಸೂ ಅವನ್ದೇ."

ಅಸ್ಗರ್ ಎಂಬ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು ನಿಧಾನವಾಗಿ ಹೇಳಿದ.

"ಆ ಬೀದೀಲಿ, ಹಿಂದಿನ ಬೀದೀಲಿ, ಐದು ಮನೇಲಿ ಐದು ಜನ ಮಾಲಿಗಳಿದ್ವಿ, ಅಸ್ಗರೂ ಒಬ್ಬ. ಎಲ್ಲರ ಮನೆಯವ್ರಿಗೂ ಕಪ್ ಬೇಕು. ಬರ್ದಿದ್ರೆ ಮಾಲಿ ಸರಿ ಇಲ್ಲ ಅಂತ ಕಳಿಸ್ಬಿಡೋರು. ಅದಕ್ಕೆ ನಮ್ಮನಮ್ಮಲ್ಲೇ ಸರದಿ ಮಾಡ್ಕೊಂಡಿದ್ವಿ. ವರ್ಷಕ್ಕೊಬ್ರದು. ಯಾರ ಸರದಿನೋ ಅವರ ಮನೆಗೆ ಉಳಿದೋರೆಲ್ಲ ಒಳ್ಳೊಳ್ಳೆ ಕುಂಡ ಕೊಡೋದು. ಹಿಂದಿನ ದಿನ ಸಂಜೆ ತಳ್ಳುಗಾಡೀಲಿ ಸಾಗಿಸೋದು, ಜಡ್ಜ್‌ಗಳು ನೋಡಿ ಕಪ್ ಕೊಟ್ಟು ಹೋದ್ಮೇಲೆ ವಾಪಸ್ ತರೋದು."

"ಕುಂಡ ಎಲ್ಲಿಗೆ ಹೋಯ್ತು ಅಂತ ಮನೆಯವ್ರು ಕೇಳ್ತಿರ್ಲಿಲ್ವಾ?"

"ಔಷಧಿ ಹೊಡೀಬೇಕು, ಗೊಬ್ಬರ ಬದಲಾಯಿಸ್ಬೇಕು ಅಂತಿದ್ವಿ. ಕಪ್ ಬಂದ ಮನೇಲಿ, ಹೂವಿನ ಕಾಲ ಮುಗೀತು, ಕಿತ್ವಿ ಅಂತಿದ್ವಿ. ಅವ್ರಿಗೆ ಕುಂಡ ಎಲ್ಲಾ ಒಂದೇ."

"ಮೋಸ ಅಲ್ವಾ ಅದು?"

"ಒಂದು ಕಪ್ಪಿಗೆ ಹೆಂಡ್ತಿಮಕ್ಳನ್ನ ಬೀದಿಗೆ ಹಾಕ್ತಿದ್ರಲ್ಲ, ಅದೇನು?"

ನಾನು ಬೆಂಚಿನ ಮೇಲೆ ಕೂತೆ.

"ಎಪ್ಪತ್ತೈದರಲ್ಲಿ ಸರದಿ ಅಸ್ಗರಂದು," ಅಂದ ಅಪ್ಪ. "ನನ್ದಲ್ಲ. ದೊಡ್ಡ ಬೇಗಂ ಅವ್ರು ಈ ವರ್ಷ ಕಪ್ ಬರ್ದಿದ್ರೆ ಔಟ್‌ಹೌಸ್ ಖಾಲಿ ಮಾಡು ಅಂದ್ಬಿಟ್ಟಿದ್ರು. ನಿಮ್ಮಮ್ಮಂಗೆ ಎಂಟು ತಿಂಗಳು. ನೀನೇ ಹೊಟ್ಟೇಲಿ. ಅಸ್ಗರನ ಹತ್ರ ಹೋಗಿ ಹಿಂಗಾಯ್ತು ಅಂದೆ. ಒಂದು ಮಾತಾಡ್ಲಿಲ್ಲ ಅವ್ನು. ಗಾಡಿ ತಗೊಂಡ್ಬಾ ಅಂದ."

ನನಗೆ ಅಳು ಬರಬೇಕಿತ್ತೇನೋ. ಬಂದದ್ದು ಕೋಪ. ಮೂರು ಸಲ ನೆಟ್ಟು ಮೂರು ಸಲ ಕಿತ್ತಿದ್ದೆ. ಕೈಗುಣ ಇಲ್ಲದವಳು ಅನ್ನಿಸಿಕೊಂಡಿದ್ದೆ.

"ಮೊದಲ್ನೇ ದಿನಾನೇ ಹೇಳೋಕೇನಾಗಿತ್ತು ನಿಂಗೆ? ಬರುತ್ತೆ ಬಿಡು ಅಂದ್ಯಲ್ಲ."

"ಬೋರ್ಡ್ ಬರೆಸ್ಬಿಟ್ಟಿದ್ದೀಯಲ್ಲ," ಅಂದ ಅಪ್ಪ. "ಇಪ್ಪತ್ತಾರು ವರ್ಷದಿಂದ ದಿನಾ ಅದರ ಕೆಳಗೇ ಓಡಾಡ್ತಿದ್ದೀನಿ. ಯಾವತ್ತು ಹೇಳ್ಲಿ?"

ಆಮೇಲೆ ನಾನೇ ಒಂದು ಮಾತು ಆಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೂ ಆಡಿದ್ದು ನಿಜ. "ಯಾರಿಗೂ ಹೇಳೋದು ಬೇಡ. ನಮ್ಮತ್ರ ಮುನ್ನೂರು ಡೇಲಿಯಾ ಇದೆ. ಜನವರೀಲಿ ಮೂವತ್ತು ಕುಂಡ ತಗೊಂಡ್ಹೋಗಿ ಹೂತ್ಬಿಡ್ತೀನಿ. ಫೋಟೋ ಬರುತ್ತೆ, ಅವ್ರಿಗೂ ಖುಷಿ, ನಿನ್ನ ಹೆಸರೂ ಉಳಿಯುತ್ತೆ."

ಅಪ್ಪ ತುಂಬ ಹೊತ್ತು ಯೋಚಿಸಿದ. ಒಪ್ಪುತ್ತಾನೆ ಅಂದುಕೊಂಡೆ. ಒಪ್ಪಲಿ ಎಂದೇ ನನಗೆ ಆಸೆಯಿತ್ತು.

"ಬೇಡ," ಅಂದ. "ನಾಳೆ ನಾನೂ ಬರ್ತೀನಿ."

ನಲವತ್ತು ವರ್ಷದಿಂದ ಅಪ್ಪ ಆ ಮನೆಗೆ ಕಾಲಿಟ್ಟಿರಲಿಲ್ಲ. ಕೆಲಸ ಶುರುವಾದ ಮೇಲೂ ಬಾ ಎಂದರೆ ಕಾಲುನೋವು ಅನ್ನುತ್ತಿದ್ದ. ಮಾರನೇ ದಿನ ಲಗೇಜ್ ಆಟೋದಲ್ಲಿ ನನ್ನ ಪಕ್ಕ ಕೂತು ಬಂದ. ಒಗೆದ ಅಂಗಿ, ತಲೆಗೆ ಎಣ್ಣೆ. ಇಳಿದು ಗೇಟಿನ ಕಂಬಿಯನ್ನು ಒಂದು ಸಲ ಮುಟ್ಟಿ ನೋಡಿದ.

"ಬನ್ನಿ ಆಂಜನಪ್ಪ," ಅಂದರು ಜಹನಾರಾ. ಹಿಂದೆ ಆ ಮನೆಯಲ್ಲಿ ಯಾರೂ ಅಪ್ಪನಿಗೆ ಬಹುವಚನ ಹಚ್ಚಿದವರಲ್ಲ. ಅಲಿಯಾ ಕುರ್ಚಿ ತಂದಳು. ಅಪ್ಪ ಅದರಲ್ಲಿ ಕೂರದೆ ಕೆಂಪು ಮೆಟ್ಟಿಲ ಮೇಲೆ ಕೂತ. ಹಳೆಯ ಅಭ್ಯಾಸ ಕಾಣುತ್ತದೆ, ನನಗೆ ಮಾತ್ರ ನೋಡಲು ಕಷ್ಟವಾಯಿತು.

ಕುಂಡಗಳ ವಿಷಯವನ್ನು ಅಪ್ಪ ನನಗೆ ಹೇಳಿದ ಹಾಗೇ ಹೇಳಿದ. ಏನನ್ನೂ ಬಿಡಲಿಲ್ಲ. ಅಲಿಯಾ ಬಾಯಿ ತೆರೆದುಕೊಂಡು ಕೇಳಿದಳು. ಜಹನಾರಾ ಅವರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ನಕ್ಕುಬಿಟ್ಟರು.

"ಆ ಕಪ್ಪನ್ನ ನಮ್ಮತ್ತೆ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ಅವರು ಹೋದ್ಮೇಲೆ ನಾನು ವಾರಕ್ಕೊಂದ್ಸಲ ಉಜ್ಜಿದ್ದೀನಿ. ಮೂವತ್ತು ವರ್ಷ. ಮೊದ್ಲೇ ಹೇಳಿದ್ರೆ ಅಷ್ಟು ಕೆಲಸ ಉಳೀತಿತ್ತು ನಂಗೆ."

ನನಗೆ ಹೋದ ಜೀವ ಬಂದಂತಾಯಿತು. ಮುಗಿಯಿತು, ಎದ್ದು ಹೋಗೋಣ ಅಂದುಕೊಂಡೆ.

"ಇನ್ನೂ ಇದೆ ಅಮ್ಮಾವ್ರೇ," ಅಂದ ಅಪ್ಪ.

ಇದನ್ನು ನನಗೂ ಹೇಳಿರಲಿಲ್ಲ. ಅಪ್ಪ ಗೇಟಿನ ಕಡೆ ನೋಡಿಕೊಂಡೇ ಮಾತಾಡಿದ.

"ಮುಂದಿನ ವರ್ಷ ಅಸ್ಗರನಿಗೆ ನಾನು ಕೊಡ್ಬೇಕಿತ್ತು. ಅವನ ಸರದಿ ನಾನು ತಿಂದಿದ್ನಲ್ಲ. ಹಿತ್ತಲಲ್ಲಿ ಬಿಸಿಲಿಗೆ ಮೂವತ್ತು ಡೇಲಿಯಾ ಹಾಕ್ದೆ. ಅವನ್ದಕ್ಕಿಂತ ಚೆನ್ನಾಗಿ ಬಂದ್ವು. ದೊಡ್ಡ ಬೇಗಂ ನೋಡ್ಬಿಟ್ರು. ಇವನ್ನ ಮುಂದೆ ಇಡು, ಈ ವರ್ಷಾನೂ ಕಪ್ ನಮಗೇ ಅಂದ್ರು. ಹೂಂ ಅಂದೆ. ಅವರಿಗೆ ಬೇರೆ ಏನೂ ಹೇಳ್ಲಿಲ್ಲ. ಸಂಜೆ ಅಸ್ಗರ್ ತಳ್ಳುಗಾಡಿ ತಗೊಂಡು ಬಂದ. ಈ ಗೇಟಾಚೆ ನಿಂತ. ಈ ಸಲ ನನ್ದು ಸರಿಯಾಗಿ ಬರ್ಲಿಲ್ಲ ಕಣೋ ಅಂದೆ. ಕುಂಡ ಅಷ್ಟೂ ಇಲ್ಲೇ, ಪೋರ್ಟಿಕೋ ಮುಂದೆ ಇಟ್ಟಿದ್ದೆ. ಅವನು ನೋಡ್ತಾ ಇದ್ದ. ನನ್ನ ನೋಡ್ದ, ಹೂ ನೋಡ್ದ. ಖಾಲಿ ಗಾಡಿ ತಿರುಗಿಸ್ಕೊಂಡು ಹೊರಟೋದ."

"ಕಪ್?" ಅಂದಳು ಅಲಿಯಾ.

"ಆ ವರ್ಷ ನಮಗೂ ಬರ್ಲಿಲ್ಲ, ಅವರಿಗೂ ಬರ್ಲಿಲ್ಲ. ತಿಂಗಳೊಳಗೆ ಅವನ್ನ ಕೆಲಸದಿಂದ ತೆಗೆದ್ರು. ಶಿವಾಜಿನಗರದಲ್ಲಿ ಅದೇ ಗಾಡೀಲಿ ಸಸಿ ಮಾರ್ತಿದ್ದಾನೆ ಅಂತ ಕೇಳ್ದೆ. ಸೈಕಸ್ಸೂ ಇಲ್ಲೇ ಉಳೀತು. ದೊಡ್ಡ ಬೇಗಂ ಅದನ್ನ ನೆಲಕ್ಕೆ ಹಾಕು ಅಂದ್ರು, ಹಾಕ್ದೆ. ಅಸ್ಗರ್ ಬಂದು ಯಾವತ್ತೂ ಕೇಳ್ಲಿಲ್ಲ."

ಐವತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಅಪ್ಪ ಉಂಡಿದ್ದಾನೆ, ನನ್ನ ಮದುವೆ ಮಾಡಿದ್ದಾನೆ, ಅಮ್ಮನನ್ನು ಮಣ್ಣು ಮಾಡಿದ್ದಾನೆ. ನಾನು ಮನೆಗೆ ಬಂದವರಿಗೆಲ್ಲ ಗೋಡೆಯ ಸರ್ಟಿಫಿಕೇಟು ತೋರಿಸಿದ್ದೇನೆ. ಅಪ್ಪನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸುಸ್ತು ಮಾತ್ರ ಉಳಿಯಿತು.

ಜಹನಾರಾ ಅವರೇ ಮೊದಲು ಬಾಯಿಬಿಟ್ಟರು. ಈಗ ನಗು ಇರಲಿಲ್ಲ. "ಆ ಹೂ ನಂಗೆ ನೆನಪಿದೆ ಆಂಜನಪ್ಪ. ಎರಡನೇ ವರ್ಷದ್ದೂ ನೆನಪಿದೆ. ಗೇಟಾಚೆ ಯಾರು ನಿಂತಿದ್ರು ಅಂತ ನಾವು ಯಾರೂ ನೋಡ್ಲೇ ಇಲ್ಲ." ಪಾತಿಯ ಕಡೆ ನೋಡಿ ಕೇಳಿದರು, "ಆ ಪಾತೀಲಿ ಮೊದ್ಲು ಏನಿತ್ತು? ನಿಜವಾಗ್ಲೂ ಇದ್ದಿದ್ದು."

"ಫರ್ನು, ಅಮ್ಮಾವ್ರೇ. ನೆರಳಲ್ಲಿ ಅದೇ ಬರೋದು. ಸ್ಪರ್ಧೆಗೆ ಅಂತ ಕಿತ್ತು ಹಿತ್ತಲಲ್ಲಿ ಗೋಣಿಚೀಲ ಮುಚ್ಚಿಟ್ಟಿದ್ದೆ. ಜಡ್ಜ್‌ಗಳು ಹೋದ್ಮೇಲೆ ಅದನ್ನೇ ವಾಪಸ್ ನೆಟ್ಟೆ."

"ಹಾಗಾದ್ರೆ ಅದನ್ನೇ ಹಾಕಿ."

"ದಾದಿ, ಫೋಟೋ?" ಅಂದಳು ಅಲಿಯಾ, ಅಜ್ಜಿಯ ಕಡೆ ತಿರುಗಿ.

"ಫೋಟೋ ಗೋಡೇಲಿ ಇರ್ಲಿ. ಕೆಳಗೆ ಬರಿ, ಹೂ ಬೆಳೆದಿದ್ದು ಅಸ್ಗರ್ ಅಂತ. ಹೊಸ ಫೋಟೋ ಫರ್ನ್ ಮುಂದೆ ನಿಂತು ತೆಗೆಸ್ಕೊಳ್ಳೋಣ. ನಾನೂ ಈಗ ಡೇಲಿಯಾ ಥರ ಇಲ್ಲ."

ಒಳಗೆ ಹೋಗಿ ಕಪ್ಪನ್ನು ತಂದು ಅಪ್ಪನ ಕೈಗೆ ಕೊಟ್ಟರು. "ಅವ್ರು ಇದ್ರೆ ಅವ್ರಿಗೆ ಕೊಡಿ," ಅಂದರು.

ಆ ವಾರ ನಾನು ಪಾತಿಗೆ ಫರ್ನು ಹಾಕಿದೆ. ಮೊದಲ ಸಲಕ್ಕೇ ಹಿಡಿಯಿತು. ಆ ಮನೆಯ ಬೂದುಬಣ್ಣದ ಗೋಡೆಗೂ ಒಡಕು ಚಪ್ಪಡಿಗೂ ಅದು ಎಷ್ಟು ಹೊಂದಿತೆಂದರೆ, ನಾಲ್ಕು ತಿಂಗಳು ನನ್ನ ಕಣ್ಣಿಗೆ ಏನಾಗಿತ್ತು ಎಂದು ನನ್ನ ಮೇಲೇ ಬೇಜಾರಾಯಿತು. ನರ್ಸರಿಯಲ್ಲಿ ಅಪ್ಪ ಏಣಿ ಹಾಕಿಸಿ, ಬೋರ್ಡಿನ 'ಬಹುಮಾನಿತ' ಎಂಬ ಪದದ ಮೇಲೆ ಹಸಿರು ಬಣ್ಣ ಬಳಿಸಿದ. ಈಗ ಹೆಸರಿಗೆ ಮೊದಲು ಒಂದು ಉದ್ದನೆಯ ಖಾಲಿ ಜಾಗ ಇದೆ. ಬಂದವರು ಏನಿತ್ತು ಅಲ್ಲಿ ಎಂದು ಕೇಳಿದರೆ ನಾನೇ ಹೇಳುತ್ತೇನೆ.

ಸೈಕಸ್ಸಿನ ಬುಡದಲ್ಲಿ ಒಂದು ಮರಿ ಬಂದಿತ್ತು, ಈರುಳ್ಳಿಗಡ್ಡೆಯಷ್ಟು, ತುದಿಯಲ್ಲಿ ಒಂದು ಗರಿ. ಅಪ್ಪ ತಾನೇ ಕೂತು ಚಾಕುವಿನಿಂದ ಬಿಡಿಸಿ, ಗಾಯಕ್ಕೆ ಬೂದಿ ಹಚ್ಚಿ, ಕುಂಡಕ್ಕೆ ಇಟ್ಟ. ಬೇರು ಬಿಡಲು ಆರು ತಿಂಗಳಾದರೂ ಬೇಕು. ಅಪ್ಪ ಆರು ದಿನವೂ ಕಾಯಲಿಲ್ಲ.

"ಎಲ್ಲಿಗೆ?" ಅಂದೆ ಆಟೋ ಹತ್ತಿದಾಗ.

"ಹಲಸೂರು."

ಅಲ್ಲಿ ಅಪ್ಪ ಯಾರನ್ನೂ ದಾರಿ ಕೇಳಲಿಲ್ಲ. ಇಲ್ಲಿ ಎಡಕ್ಕೆ, ಹಾಲಿನ ಅಂಗಡಿ ದಾಟಿ ಬಲಕ್ಕೆ, ಇಲ್ಲಿಂದ ಮುಂದೆ ಆಟೋ ಹೋಗಲ್ಲ, ಗಲ್ಲಿಯೊಳಗೆ ಐದನೇ ಮನೆ, ನೀಲಿ ಬಾಗಿಲು.

"ಇಷ್ಟು ಸರಿಯಾಗಿ ಹೆಂಗೆ ಗೊತ್ತು ನಿಂಗೆ?"

"ಬಂದಿದ್ದೆ. ಆರೇಳು ಸಲ ಬಂದಿದ್ದೆ. ಇಲ್ಲೇ ಮೂಲೇವರೆಗೆ." ಆಟೋದಿಂದ ಕಷ್ಟಪಟ್ಟು ಇಳಿದ. "ಬಸ್ಸಲ್ಲಿ ಶಿವಾಜಿನಗರಕ್ಕೆ ಹೋಗೋವಾಗ ಹಲಸೂರು ಸ್ಟಾಪ್ ಬಂದ್ರೆ ಮುಖ ತಿರುಗಿಸ್ಕೊಂಡು ಆಚೆ ಕಡೆ ಕಿಟಕಿ ನೋಡ್ತಿದ್ದೆ."

ಎದುರಿಗೆ ಬಂದವರಿಗೆ ಗೋಡೆಗೆ ಒರಗಿ ದಾರಿ ಬಿಡಬೇಕಾದ ಗಲ್ಲಿ. ಐದನೇ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಳಿ ಗಡ್ಡದ, ಒಣಗಿದ ದೇಹದ ಮುದುಕ ಕೂತಿದ್ದ. ಸುತ್ತ ಪೇಂಟಿನ ಡಬ್ಬಗಳಲ್ಲಿ ಪುದೀನ, ಕರಿಬೇವು, ಒಂದು ಗುಲಾಬಿ. ಗಿಡಗಳನ್ನು ನೋಡಿದರೇ ಕೈ ಬಲ್ಲವನು ಎಂದು ಗೊತ್ತಾಗುತ್ತಿತ್ತು. ಮುದುಕ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಮುನಿ," ಅಂದ. "ಕೂತ್ಕೋ."

ಅಪ್ಪ ಹೊಸ್ತಿಲ ಮೇಲೆ ಕೂತ. ಕುಂಡವನ್ನು ಮುಂದೆ ಇಟ್ಟ. "ನಿನ್ನ ಸೈಕಸ್ಸು. ಅದರ ಮರಿ."

ಅಸ್ಗರ್ ಬಗ್ಗಿ ಎರಡು ಬೆರಳಲ್ಲಿ ಗರಿಯನ್ನು ಹಗುರವಾಗಿ ಎತ್ತಿದ. ಗಡ್ಡೆ ಮಣ್ಣಿನಿಂದ ಈಚೆಗೇ ಬಂತು. "ಬೇರೇ ಬಿಟ್ಟಿಲ್ವಲ್ಲೋ ಇದು," ಅಂದ. "ಐವತ್ತು ವರ್ಷ ಸುಮ್ನಿದ್ದೆ, ಈಗ ಇಷ್ಟು ಅರ್ಜೆಂಟ್ ಏನಿತ್ತು?"

ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

"ಅವತ್ತು ಡೇಲಿಯಾ ಬರ್ಲಿಲ್ಲ ಅಂದಿದ್ದು ಸುಳ್ಳು," ಅಂದ ಅಪ್ಪ.

"ನಂಗೆ ಕಣ್ಣಿತ್ತು ಮುನಿ."

"ನನ್ನಿಂದ ನಿನ್ನ ಕೆಲಸ ಹೋಯ್ತು. ತಪ್ಪಾಯ್ತು."

ಅಸ್ಗರ್ ಒಳಕ್ಕೆ ತಿರುಗಿ ಟೀ ತರಲು ಕೂಗಿದ. ಒಳಗಿನಿಂದ ಅವನ ಸೊಸೆ ಟೀ ತಂದಿಟ್ಟಳು. ಅಪ್ಪ ಚೀಲದಿಂದ ಕಪ್ಪನ್ನು ತೆಗೆದು ಕೊಟ್ಟ. ಅಸ್ಗರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಬುಡಕ್ಕೆ ಉಗುರಿನಿಂದ ತಟ್ಟಿದ. "ತೂತು ಹೊಡೆದ್ರೆ ಪುದೀನ ಹಾಕ್ಬೋದು," ಅಂದು ಅಪ್ಪನ ತೊಡೆಯ ಮೇಲೇ ವಾಪಸು ಇಟ್ಟ. "ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ? ನಾನು ಕಪ್ಪಿಗೆ ಅಂತ ಕೊಟ್ಟಿರ್ಲಿಲ್ಲ. ಸರದಿ ಅಂತ ಕೊಟ್ಟಿದ್ದೆ."

ಅಪ್ಪನ ತಲೆ ತಗ್ಗಿತು. ಟೀ ಲೋಟ ಕೈಯಲ್ಲೇ ತಣ್ಣಗಾಯಿತು. ಅವನು ಗಟ್ಟಿಯಾಗಿ ಬೈದಿದ್ದರೆ ಅಪ್ಪನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಸೈಕಸ್ಸಿನ ಮರಿಯನ್ನು ಮಾತ್ರ ಅಸ್ಗರ್ ಇಟ್ಟುಕೊಂಡ. ಅದನ್ನು ಮತ್ತೆ ಮಣ್ಣಿಗೆ ಕೂರಿಸಿ, ಸುತ್ತ ಹೆಬ್ಬೆರಳಿನಿಂದ ಅದುಮಿದ. "ಬೇರು ನಾನು ಬಿಡಿಸ್ತೀನಿ," ಅಂದ. ನಾವು ಎದ್ದು ನಿಂತಾಗ ನನ್ನನ್ನು ನೋಡಿ ಕೇಳಿದ, "ಆವಾಗ ಹೊಟ್ಟೇಲಿದ್ದೋಳು ಇವ್ಳೇನಾ?"

"ಇವ್ಳೇ," ಅಂದ ಅಪ್ಪ. "ಡೇಲಿಯಾ ಚೆನ್ನಾಗಿ ಬೆಳೀತಾಳೆ."

ಅಸ್ಗರ್ ತಲೆಯಾಡಿಸಿದ. ಗಲ್ಲಿಯ ಮೇಲಿನ ಆಕಾಶದ ತುಂಡನ್ನು ನೋಡಿದ. "ಇಲ್ಲಿಗೆ ಹನ್ನೊಂದರಿಂದ ಮೂರು ಗಂಟೆವರೆಗೆ ಬಿಸಿಲು ಬರುತ್ತೆ," ಅಂದ. ಅಷ್ಟೇ ಹೇಳಿದ್ದು.

ವಾಪಸು ಬರುವಾಗ ಕೃಷ್ಣರಾಜಪುರದ ತೂಗುಸೇತುವೆಯ ಹತ್ತಿರ ಎಂದಿನಂತೆ ಸಿಕ್ಕಿಹಾಕಿಕೊಂಡೆವು. ಮುಂದೆ ಬಸ್ಸು, ಹಿಂದೆ ಲಾರಿ. ಅಪ್ಪ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದ. ನಿದ್ದೆ ಬಂದಿದೆ ಅಂದುಕೊಂಡೆ.

"ಜನವರಿಗೆ ಎಷ್ಟು ಡೇಲಿಯಾ ಇವೆ ಅಂದೆ?"

"ಮುನ್ನೂರು. ಎಲ್ಲಾ ಒಪ್ಕೊಂಡಾಗಿದೆ ಅಪ್ಪ. ಇಂದಿರಾನಗರದ ಮದುವೆಗೆ, ಆಮೇಲೆ ಆ ಹೋಟೆಲಿಗೆ."

"ಮೂವತ್ತು ಬೇರೆ ಎತ್ತಿಡು."

ಯಾರಿಗೆ ಎಂದು ನಾನು ಕೇಳಲಿಲ್ಲ. ಮದುವೆಯವರಿಗೆ ಏನು ಹೇಳುವುದು ಎಂದು ಯೋಚಿಸತೊಡಗಿದೆ. "ಆ ಗಲ್ಲಿಗೆ ಆಟೋ ಹೋಗಲ್ಲ," ಅಂದೆ.

"ಗೊತ್ತು. ಮೂಲೇಲಿ ಇಳಿಸ್ಕೊಂಡು ತಳ್ಳುಗಾಡೀಲಿ ಹಾಕ್ಬೇಕು." ಅಪ್ಪ ಕಣ್ಣು ತೆರೆಯಲಿಲ್ಲ. "ಆವಾಗಿನ ಹಂಗೆ ಸಂಜೆ ಹೊತ್ತಲ್ಲೇ ಹೋಗ್ಬೇಕು. ಗಾಡಿ ನಾನೇ ತಳ್ತೀನಿ."

ಎಂಬತ್ತರ ಮೊಣಕಾಲಿಗೆ ಅದು ಆಗುವ ಕೆಲಸವಲ್ಲ. ನಾನು ಬೇಡ ಅನ್ನಲಿಲ್ಲ. ಮುಂದಿದ್ದ ಬಸ್ಸು ಒಂದು ಗೇಣು ಸರಿಯಿತು, ನಾವೂ ಸರಿದೆವು.